ಎಣ್ಣೆ ಕಬ್ಬಿಣಕ್ಕೆ, ಮರಕ್ಕಲ್ಲ

ಕಳೆದ ಕೈಲ್ ಮುಹೂರ್ತಕ್ಕೆ, ಅಂದರೆ ಕೋವಿ-ಕತ್ತಿಗೆ ಪೂಜೆ ಮಾಡುವ ಕೊಡವರ ಹಬ್ಬಕ್ಕೆ, ಕೊಡಗಿಗೆ ಹೋಗಿದ್ದಾಗ ದೊಡ್ಡಪ್ಪ ಜೋಡುನಳಿಗೆ ಕೋವಿಯನ್ನು ಕೈಗಿಟ್ಟು, "ಒಂಚೂರು ಒರೆಸಿಡು" ಅಂದರು. ನಳಿಗೆ ಬಗ್ಗಿಸಿ ನೋಡಿದೆ, ತೋಟಾ ಇಲ್ಲ. ಒರೆಸುತ್ತಾ ಬಂದಾಗ ನಳಿಗೆ ಬಗ್ಗಿಸುವ ಮೇಲಿನ ಲಿವರಿನ ಹಿಂದೆ, ಕಬ್ಬಿಣದ ನಾಲಿಗೆ ಹಿಡಿಯ ಮರದೊಳಗೆ ಕೂರುವ ಜಾಗದಲ್ಲಿ, ಒಂದು ಕೂದಲು ಅಂಟಿತ್ತು. ಒರೆಸಿದೆ, ಹೋಗಲಿಲ್ಲ. ಉಗುರಲ್ಲಿ ಕೆರೆದೆ. ಕೂದಲಲ್ಲ, ಬಿರುಕು.

"ಹಳೇದಲ್ವಾ, ಮಳೆಗೆ ಒಡೆದಿರಬೇಕು."

ಪಾಪ, ಮಳೆ ಏನೂ ಮಾಡಿಲ್ಲ ದೊಡ್ಡಪ್ಪ. ಮಾಡಿದ್ದು ನಮ್ಮ ಪ್ರೀತಿ. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಕೋವಿಗೆ ತಲೆಯಿಂದ ಕಾಲಿನವರೆಗೆ ಎಣ್ಣೆ ಸುರಿದು, ಮೂತಿ ಮೇಲೆ ಮಾಡಿ ಮೂಲೆಗೆ ನಿಲ್ಲಿಸುತ್ತೇವೆ. ಎಣ್ಣೆ ಸುಮ್ನೆ ಅಲ್ಲೇ ಇರುತ್ತದಾ? ನಳಿಗೆ, ಕುದುರೆ, ಸ್ಪ್ರಿಂಗ್ ಎಲ್ಲ ದಾಟಿ ನಿಧಾನಕ್ಕೆ ಹಿಡಿಯ ಮರಕ್ಕೆ ಇಳಿಯುತ್ತದೆ. ನಲವತ್ತು, ಐವತ್ತು ವರ್ಷ ಹೀಗೆ ಕುಡಿದ ಮರ ಒಳಗೆ ಮೆತ್ತಗಾಗುತ್ತದೆ. ಗುಂಡು ಹೊಡೆದಾಗ ಹಿಂದಕ್ಕೆ ಬರುವ ಹೊಡೆತವನ್ನೆಲ್ಲ ತಡೆಯಬೇಕಾದ್ದು ಅದೇ ಮರ. ಮೆತ್ತಗಾದ ಮರ ಕುಗ್ಗಿ, ಸ್ಕ್ರೂ ಸಡಿಲವಾದರೆ ಕಬ್ಬಿಣಕ್ಕೂ ಮರಕ್ಕೂ ನಡುವೆ ಜಾಗ ಬೀಳುತ್ತದೆ. ಆಮೇಲೆ ಪ್ರತಿ ಗುಂಡಿಗೂ ಆ ನಾಲಿಗೆ ಸೌದೆ ಸೀಳುವ ಬೆಣೆಯ ಕೆಲಸ ಮಾಡುತ್ತದೆ.

ನಾನಿರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ದೊಡ್ಡಪ್ಪನ ಕೋವಿ ಹುಟ್ಟಿದ್ದೂ ಇದೇ ಊರಲ್ಲಿ. ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಮನೆ ಇಲ್ಲಿ 1813ರಲ್ಲೇ ಶುರುವಾಯಿತು. ಆ ಮುದ್ರೆ ಕಬ್ಬಿಣಕ್ಕೆ ಮಾತ್ರ. ಮರಕ್ಕೆ ಯಾರೂ ಗ್ಯಾರಂಟಿ ಕೊಡುವುದಿಲ್ಲ.

ಇಲ್ಲಿ ಹಳೆ ಕೋವಿ ಇಟ್ಟುಕೊಂಡವರು ಎಣ್ಣೆ ವಿಷಯದಲ್ಲಿ ಭಾರೀ ಜಿಪುಣರು. ಒಂದೆರಡು ಹನಿ, ಅದೂ ಬಟ್ಟೆಗೆ. ಒರೆಸಿದ ಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಅಡಿಗೆ ಹಳೆ ಪೇಪರು ಹಾಕುತ್ತಾರೆ. ಮರಕ್ಕೆ ಕುದಿಸಿದ ಅಗಸೆ ಎಣ್ಣೆ, ತೆಳ್ಳಗೆ ಸವರಿ ಮಿಕ್ಕಿದ್ದನ್ನು ಒರೆಸಿಬಿಡುತ್ತಾರೆ. ಅದು ಒಣಗಿ ಪದರವಾಗುತ್ತದೆ, ತೆಂಗಿನೆಣ್ಣೆಯಾದರೆ ಒಣಗುವುದಿಲ್ಲ. (ಅಗಸೆ ಎಣ್ಣೆಯ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.) ತೋಟಾದಲ್ಲೂ ಹುಷಾರು. ಹಳೆ ಹನ್ನೆರಡು ಬೋರ್ ಕೋವಿಗಳಲ್ಲಿ ಬಹಳಷ್ಟರ ತೋಟಾ ಕೂರುವ ಜಾಗ ಎರಡೂವರೆ ಇಂಚಿನದು. ಈಗ ಸಾಮಾನ್ಯವಾಗಿ ಸಿಗುವ ತೋಟಾ ಎರಡೂಮುಕ್ಕಾಲು ಇಂಚು. ಅದು ನಳಿಗೆಗೂ ಅಪಾಯ, ಮರಕ್ಕೂ ಪೆಟ್ಟು. ಹಬ್ಬದ ದಿನ ಗುರಿಯಿಟ್ಟು ತೆಂಗಿನಕಾಯಿ ಉರುಳಿಸಲು ಅಷ್ಟೊಂದು ಮದ್ದು ಯಾಕೆ ಬೇಕು, ಅಲ್ವಾ?

ಹಾಗಂತ ಇಲ್ಲಿಯವರದ್ದೆಲ್ಲ ಸರಿ ಅಂತಲ್ಲ. ಚಳಿಗಾಲವಿಡೀ ಮನೆಯೊಳಗೆ ಹೀಟರ್ ಉರಿಯುತ್ತದೆ. ಕಾನೂನಿಗೆ ತಕ್ಕ ಹಾಗೆ ಕೋವಿ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ, ಆ ಕಪಾಟು ಹೀಟರ್ ಪಕ್ಕದಲ್ಲೇ. ಒಣಗಾಳಿಗೆ ಮರ ಕುಗ್ಗಿ ಬಿರಿಯುತ್ತದೆ. ಆ ಲೆಕ್ಕದಲ್ಲಿ ನಮ್ಮ ಐನ್‌ಮನೆಯ (ಹಿರಿಯರ ಮನೆಯ) ಗೋಡೆಯೇ ಮೇಲು. ಗಾಳಿಯಾಡುತ್ತದೆ, ಮರ ನಿಧಾನಕ್ಕೆ ನೀರು ಕುಡಿದು ನಿಧಾನಕ್ಕೆ ಬಿಡುತ್ತದೆ. ನಾವು ಕೆಡಿಸುವುದು ರೆಕ್ಸಿನ್ ಚೀಲದಲ್ಲಿ. ಮಳೆಗಾಲವೆಲ್ಲ ಅದರೊಳಗೆ ತುಂಬಿಟ್ಟು, ಬೂಸ್ಟು ಕಂಡ ಕೂಡಲೇ ಅಂಗಳದ ಬಿಸಿಲಿಗೆ ಇಡುತ್ತೇವೆ. ಬಿರುಕಿಗೆ ಅದಕ್ಕಿಂತ ಒಳ್ಳೆ ಆಹ್ವಾನ ಬೇಕಾ?

ದೊಡ್ಡಪ್ಪನ ಕೋವಿಯನ್ನು ರಿಪೇರಿಯವರ ಹತ್ತಿರ ಬಿಚ್ಚಿಸಿದೆವು. ಕಬ್ಬಿಣಕ್ಕೆ ತಾಗುವ ಹಿಡಿಯ ತುದಿ ಬೆಲ್ಲದ ಪಾಕದ ಹಾಗೆ ಕಪ್ಪಾಗಿತ್ತು, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಎಣ್ಣೆ ಹೀರಲಿ ಅಂತ ಸೀಮೆಸುಣ್ಣದ ಪುಡಿಗೆ ಅಸಿಟೋನ್ ಕಲಸಿ ಮೆತ್ತಿದರು. ಒಣಗಿದಾಗ ಬಿಳಿ ಪುಡಿ ಕಂದು ಬಣ್ಣಕ್ಕೆ ತಿರುಗಿತ್ತು. ಉದುರಿಸಿ ಮತ್ತೆ ಮೆತ್ತಿದರು, ಹೀಗೆ ನಾಲ್ಕು ಸಲ. ಆಮೇಲೆ ಬಿರುಕಿಗೆ ತೆಳು ಎಪಾಕ್ಸಿ ಅಂಟು ಇಳಿಸಿ, ನಾಲಿಗೆಯ ಹಿಂದೆ ಪೋಸ್ಟ್ ಕಾರ್ಡಿನ ದಪ್ಪದಷ್ಟು ಜಾಗ ಬಿಟ್ಟು ಕೂರಿಸಿದರು, ಬೆಣೆಯಾಗಿ ನುಗ್ಗದಿರಲಿ ಅಂತ.

ಈ ವರ್ಷ ಫೋನಿನಲ್ಲಿ ದೊಡ್ಡಪ್ಪನದು ಒಂದೇ ತಕರಾರು, ಕೋವಿಯ ಮೂತಿಗೆ ಸಿಗಿಸುವ ಹಬ್ಬದ ಹೂವಿನದು. "ನೀನು ಹೇಳಿದ ಹಾಗೇ ಮೂತಿ ಕೆಳಗೆ ಮಾಡಿದ್ದೀನಪ್ಪಾ. ಹಬ್ಬದ ದಿನ ತೋಕ್ ಪೂ ಎಲ್ಲಿಗೆ ಸಿಗಿಸಲಿ?"

ಒಂದು ದಿನಕ್ಕೆ ಮೂತಿ ಮೇಲಿದ್ದರೆ ಪರವಾಗಿಲ್ಲ ಅಂದೆ.