ಸತ್ಯಾಂಶ: ಸಿಕಲ್ ಸೆಲ್ ರೋಗ ತಾಯಿಯೊಬ್ಬಳಿಂದ ಬರುವುದಿಲ್ಲ

"ಆದಿವಾಸಿಗಳ ಸಿಕಲ್ ಸೆಲ್ ರೋಗ ಮಕ್ಕಳಿಗೆ ಬರುವುದು ತಾಯಿಯಿಂದ. ಜೊತೆಗೆ ಉಂಡರೂ ಅಂಟುತ್ತದೆ. ಅಂಥ ಹುಡುಗಿಯನ್ನು ಮದುವೆಯಾಗಬೇಡಿ." ಇಂಥ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ. ಮೂರು ಮಾತೂ ತಪ್ಪು.

ಸಿಕಲ್ ಸೆಲ್ ರಕ್ತದ ರೋಗ. ಇದು ಅಂಟುರೋಗ ಅಲ್ಲವೇ ಅಲ್ಲ, ಹುಟ್ಟಿನಿಂದ ಬರುವುದು. ಮಗುವಿಗೆ ರೋಗ ಬರಬೇಕಾದರೆ ತಾಯಿ, ತಂದೆ ಇಬ್ಬರಿಂದಲೂ ದೋಷವಿರುವ ಜೀನ್ ಬರಬೇಕು. ಒಬ್ಬರಿಂದ ಮಾತ್ರ ಬಂದರೆ ಮಗು ವಾಹಕ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ರೋಗದ ಸಾಧ್ಯತೆ ಶೇ 25. ಹೀಗಿರುವಾಗ ಹೆಂಡತಿಯನ್ನಷ್ಟೇ ದೂರಿ ತವರಿಗೆ ಅಟ್ಟುವುದು ದೊಡ್ಡ ಅನ್ಯಾಯ, ಅಲ್ವಾ?

ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ. ಹಾಗಂತ ಆದಿವಾಸಿಗಳಿಗಷ್ಟೇ ಬರುವ ರೋಗವೂ ಅಲ್ಲ.

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಗಟ್ಟಿಯಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು. ಚಳಿ, ಜ್ವರ, ಸಾಕಷ್ಟು ನೀರು ಕುಡಿಯದಿರುವುದು ಅದನ್ನು ಕೆರಳಿಸುತ್ತವೆ. ಮಳೆಯಲ್ಲಿ ನೆನೆದು ತೋಟದ ಕೆಲಸ ಮಾಡುವ ಹೆಂಗಸಿಗೆ ಹೀಗಾದರೆ ಅದು ಸೋಮಾರಿತನ ಅಲ್ಲ. ಅವಳಿಗೆ ಬೇಕಿರುವುದು ರಜೆ, ಬೆಚ್ಚಗಿನ ಜಾಗ, ಡಾಕ್ಟರು.

ರೋಗವಿರುವ ಹೆಣ್ಣು ಮದುವೆಯಾಗಬಹುದು, ತಾಯಿಯೂ ಆಗಬಹುದು. ಬಸಿರಿನಲ್ಲಿ ಅಪಾಯ ಜಾಸ್ತಿ, ಹಾಗಾಗಿ ಮೊದಲಿನಿಂದಲೇ ತಪಾಸಣೆ, ಆಸ್ಪತ್ರೆಯಲ್ಲೇ ಹೆರಿಗೆ ಬೇಕು. ಈ ರೋಗಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಔಷಧಿ ನುಂಗುತ್ತಿದ್ದರೆ ಬಸಿರಿಗೆ ಮೊದಲೇ ಡಾಕ್ಟರನ್ನು ಕೇಳಬೇಕು. 2023ರ ಜುಲೈನಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನದಲ್ಲಿ ರಕ್ತಪರೀಕ್ಷೆ ಮಾಡುತ್ತಾರೆ. ಗಂಡಸರೂ ಮಾಡಿಸಿಕೊಳ್ಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಈ ರೋಗ ಸೇರಿದೆ.