ಗಾಡಿ ಹಳೇದು ಅಂತ ಚಕ್ರ ಕಳಚಿ ಬೀಳಲ್ಲ ಸ್ವಾಮಿ

"ಹಳೇ ಗಾಡಿ ಅಲ್ವಾ ಅಣ್ಣಾ, ಇವೆಲ್ಲ ಆಗ್ತಾ ಇರುತ್ತೆ." ಮೂರು ದಿನದಿಂದ ಇದೇ ಮಾತು ಕೇಳಿ ಕೇಳಿ ಮೈ ಉರಿಯುತ್ತಿದೆ. ಗ್ಯಾರೇಜಿನವನೂ ಇದನ್ನೇ ಹೇಳಿದ, ಕ್ರೇನಿನವನೂ ಇದನ್ನೇ ಹೇಳಿದ. ಮನೆಗೆ ಬಂದರೆ ನಮ್ಮ ಭಾವನೂ ಇದನ್ನೇ ಹೇಳಿದರು.

ಮೊನ್ನೆ ಬೆಳಗಿನ ಜಾವ ನಾಲ್ಕೂವರೆ. ಪಿಕಪ್ಪಿಗೆ 80 ಬಾಕ್ಸ್ ಟೊಮೆಟೊ ತುಂಬಿಕೊಂಡು ಮುಳಬಾಗಿಲು ಕಡೆಯಿಂದ ಕೋಲಾರ ಮಂಡಿಗೆ ಹೊರಟಿದ್ದೆ. ಹಿಂದೆ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು ಬಂತು. ನಿಲ್ಲಿಸಿ ನೋಡೋಣ ಅಂತ ಬ್ರೇಕ್ ಮೇಲೆ ಕಾಲಿಟ್ಟೆ. ಅಷ್ಟರಲ್ಲಿ ಗಾಡಿ ಎಡಕ್ಕೆ ಕುಸಿಯಿತು, ಬ್ರೇಕ್ ಡ್ರಮ್ಮು ಡಾಂಬರಿಗೆ ಉಜ್ಜಿ ಕಿಡಿ ಹಾರಿತು. ಕಳಚಿದ ಚಕ್ರ ನನ್ನನ್ನೇ ದಾಟಿ ಮುಂದೆ ಓಡಿತು. ಮುಂದೆ ಟೀ ಅಂಗಡಿ. ಕೂಲಿಗೆ ಹೊರಟ ಮೂವರು ಹೆಂಗಸರು ಅಲ್ಲಿ ನಿಂತಿದ್ದರು. ಅವರಿಂದ ಒಂದು ಮಾರು ಆಚೆ ಹಾದು, ಹುಣಸೇಮರಕ್ಕೆ ಬಡಿದು ಬಿತ್ತು. ಒಂದೇ ಒಂದು ಮಾರು! ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ಚಕ್ರವನ್ನು ಹಿಡಿದಿಡುವ ಆರು ಸ್ಟಡ್ಡುಗಳಲ್ಲಿ, ಅಂದರೆ ನಟ್ಟು ಹಾಕುವ ಬೋಲ್ಟುಗಳಲ್ಲಿ, ನಾಲ್ಕು ಮುರಿದಿದ್ದವು. ಉಳಿದ ಎರಡರಲ್ಲಿ ನಟ್ಟು ಹಿಡಿಯುವ ತಿರುಪಿನ ಸುತ್ತುಗಳೇ ಸವೆದುಹೋಗಿದ್ದವು. ಮುರಿದ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಅರ್ಧ ಭಾಗ ಮಂಕಾಗಿ ನುಣ್ಣಗಿತ್ತು, ಇನ್ನರ್ಧ ಹೊಸದಾಗಿ ಮಿನುಗುತ್ತಿತ್ತು. ಅಂದರೆ ಏಕ್‌ದಂ ಮುರಿದದ್ದಲ್ಲ. ಚಕ್ರ ಅಲ್ಲಾಡಿ ಅಲ್ಲಾಡಿ ಮೊದಲು ಬಿರುಕು ಬಿಟ್ಟು, ಆಮೇಲೆ ಒಂದೊಂದಾಗಿ ಮುರಿದಿವೆ. ಡಿಸ್ಕಿನ, ಅಂದರೆ ಟೈರು ಕೂರುವ ಕಬ್ಬಿಣದ ಚಕ್ರದ, ತೂತುಗಳು ಗುಂಡಗಿರಬೇಕಾದವು ಮೊಟ್ಟೆಯಾಕಾರ ಆಗಿವೆ.

ನಾಲ್ಕು ದಿನದ ಹಿಂದೆ ಬ್ರೇಕ್ ಲೈನರ್ ಹಾಕಿಸಲು ಆ ಚಕ್ರ ಬಿಚ್ಚಿಸಿದ್ದೆ. ಚೆನ್ನಾಗಿ ಕಾಣಲಿ ಅಂತ ಗ್ಯಾರೇಜಿನ ಹುಡುಗರು ಡಿಸ್ಕಿಗೆ ದಪ್ಪಗೆ ಪೇಂಟ್ ಬಳಿದಿದ್ದರು. ಡ್ರಮ್ಮಿಗೆ ತಾಗುವ ಮುಖಕ್ಕೂ, ನಟ್ಟು ಕೂರುವ ಜಾಗಕ್ಕೂ! ಕೇಳಿದವರು ಯಾರು? ನಟ್ಟು ಬಿಗಿ ಮಾಡಿದಾಗ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಎಳೆತವೇ ಚಕ್ರವನ್ನು ಒತ್ತಿ ಹಿಡಿಯುವುದು. ನಡುವೆ ಪೇಂಟೋ ತುಕ್ಕೋ ಮಣ್ಣೋ ಇದ್ದರೆ ಓಡುತ್ತಾ ಓಡುತ್ತಾ ಅದು ನುಗ್ಗಾಗುತ್ತದೆ, ಎಳೆತ ಹೋಗುತ್ತದೆ, ನಟ್ಟು ಸಡಿಲ. ಅದಕ್ಕೇ ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು. "ನಾಳೆ ಒಂದ್ಸಲ ಬಂದು ಹೋಗಣ್ಣ" ಅನ್ನೋಕೆ ಬಾಯಿ ಸವೆಯುತ್ತಿತ್ತಾ?

ನಟ್ಟು ಬಿಗಿ ಮಾಡುವ ಆ ಗಾಳಿ ಗನ್ ಬೇರೆ. ಟರ್ರ್ ಅಂತ ಒಂದೇ ಉಸಿರಿಗೆ ಒತ್ತುತ್ತಾರೆ. ಎದುರುಬದುರು ನಟ್ಟು ಹಿಡಿದು ಕೂರಿಸುವ ತಾಳ್ಮೆ ಇಲ್ಲ. ಒಂದು ಅತಿ ಬಿಗಿ, ಇನ್ನೊಂದು ಸಡಿಲ. ಅತಿ ಬಿಗಿಯಾದರೂ ಕಷ್ಟವೇ, ಸ್ಟಡ್ಡು ಮಿತಿಮೀರಿ ಹಿಗ್ಗಿ ಹಿಡಿತ ಕಳಕೊಳ್ಳುತ್ತದೆ. ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಎಲ್ಲಪ್ಪಾ ಅಂದರೆ ಮುಖ ಮುಖ ನೋಡುತ್ತಾರೆ.

ಹಳೇ ಗಾಡಿಗೆ ಜಾಸ್ತಿ ಗಮನ ಬೇಕು, ಒಪ್ಪುತ್ತೇನೆ. ಗ್ರೀಸ್ ಒಣಗಿ ಬೇರಿಂಗ್ ಹೋದರೂ ಚಕ್ರ ಕಳಚುತ್ತದೆ. ನಾನು ವರ್ಷ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸುತ್ತೇನೆ, ಮಳೆಗಾಲ ಮುಗಿದ ಕೂಡಲೇ ಚಕ್ರದ ನಡುವಿನ ಹಬ್ ಗ್ರೀಸ್ ಮಾಡಿಸುತ್ತೇನೆ. ನನ್ನ ಬೇರಿಂಗ್ ಈಗಲೂ ಗಟ್ಟಿಮುಟ್ಟಾಗಿದೆ, ಬಂದು ನೋಡಲಿ. 15 ವರ್ಷದಿಂದ ನಮ್ಮ ಮನೆಗೆ ಅನ್ನ ಹಾಕಿದ ಗಾಡಿ ಅದು. ಅದರ ಮೇಲೆ ತಪ್ಪು ಹೊರಿಸಬೇಡಿ.

ಅರ್ಧ ಟೊಮೆಟೊ ರಸ್ತೆ ಪಾಲಾಯಿತು. ಉಳಿದಿದ್ದು ಮಂಡಿ ಮುಟ್ಟುವಾಗ ಹರಾಜು ಮುಗಿದಿತ್ತು. ರೈತನಿಗೆ ನಾನು ಏನಂತ ಹೇಳಲಿ?

ಹಬ್ಬಿನಿಂದ ತೆಗೆಸಿದ ನಾಲ್ಕು ಮುರುಕು ಸ್ಟಡ್ಡುಗಳನ್ನು ಕವರಿನಲ್ಲಿ ಕಟ್ಟಿಟ್ಟಿದ್ದೇನೆ. ನಾಳೆ ಗ್ಯಾರೇಜಿನ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಅವನ ಮೇಜಿನ ಮೇಲೆ ಸುರಿಯುತ್ತೇನೆ.