ಮಂಚಕ್ಕೆ ಪ್ರವೇಶವಿಲ್ಲ

ಆರೋಗ್ಯ ವಿಜ್ಞಾನ ಕಲಿಸಲು ವಿಶ್ವವಿದ್ಯಾಲಯ ಹೊಸ ಕಟ್ಟಡ ಕಟ್ಟುತ್ತದೆಂದರೆ ಮೊದಲು ಏಳುವುದು ಗೋಡೆಯಲ್ಲ, ಸಮಿತಿ. ಅದರಲ್ಲಿ ಕುಲಪತಿಗಳಿರುತ್ತಾರೆ, ಹಣಕಾಸು ಅಧಿಕಾರಿ ಇರುತ್ತಾರೆ, ಲಾಂಛನ ಎಲ್ಲಿ ಬರಬೇಕೆಂದು ಹೇಳುವವರೂ ಇರುತ್ತಾರೆ. ನರ್ಸ್ ಮಾತ್ರ ಇರುವುದಿಲ್ಲ. ಆಕೆಗೆ ಡ್ಯೂಟಿ ಇರುತ್ತದಲ್ಲ!

ಮೊದಲ ಸಭೆಯಲ್ಲೇ ಏಟ್ರಿಯಂ ಪಾಸು. ಐದು ಅಂತಸ್ತಿನಷ್ಟು ಎತ್ತರದ, ಗಾಜು ಹೊದ್ದ ಖಾಲಿ ಜಾಗ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳು ಇಲ್ಲಿ ಆಕಸ್ಮಿಕವಾಗಿ ಎದುರಾಗಿ ವಿಚಾರ ವಿನಿಮಯ ಮಾಡಿಕೊಳ್ಳುತ್ತಾರಂತೆ. ಮೂವರಿಗೂ ಒಂದೇ ಹೊತ್ತಿಗೆ ಬಿಡುವು ಸಿಗದ ಹಾಗೆ ವೇಳಾಪಟ್ಟಿ ಮಾಡಿರುವುದೂ ಇದೇ ವಿಶ್ವವಿದ್ಯಾಲಯ. ತ್ರಿಡಿ ಚಿತ್ರದಲ್ಲಂತೂ ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ನಗುತ್ತಿದ್ದಾರೆ. ಅನಾಟಮಿ ಪರೀಕ್ಷೆ ಹತ್ತಿರವಿದ್ದಾಗ ಹಾಗೆ ನಕ್ಕವರನ್ನು ನಾನು ಕಾಣೆ.

ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಡಿಸ್ಚಾರ್ಜ್ ಆದರೆಂದು ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಬರೆದರು. ಸಮಿತಿ ಅದನ್ನು ಓದಿಕೊಂಡಿದೆ. ಮರ ಕಾಣುವ ಕೋಣೆ ಕುಲಸಚಿವರಿಗೆ.

ಶವಚ್ಛೇದನದ ಹಾಲ್‌ಗೆ ಸಿಕ್ಕಿದ್ದು ಅಳಿದುಳಿದ ಮೂಲೆ. ಶವ ಕೆಡದಂತೆ ಬಳಸುವ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿಯಾಗಿದೆ. ಆವಿಯನ್ನು ಮೇಜಿನ ಮಟ್ಟದಲ್ಲೇ ಎಳೆದುಹಾಕುವ ವ್ಯವಸ್ಥೆಯೂ ಇದೆ. ಆದರೆ ಆ ಕೊಳವೆಗಳು ಕಣ್ಣಿಗೆ ಕೆಟ್ಟದಾಗಿ ಕಾಣುತ್ತವಂತೆ. ಹಾಗಾಗಿ ಚಾವಣಿಯ ಹತ್ತಿರ ಎರಡು ಫ್ಯಾನ್. ಆವಿ ಮೇಲೇರಿ ಹೊರಹೋಗಬೇಕಾದರೆ ವಿದ್ಯಾರ್ಥಿಯ ಮೂಗನ್ನು ಮಾತಾಡಿಸಿಕೊಂಡೇ ಹೋಗಬೇಕು.

ಇನ್ನು ಸಿಮ್ಯುಲೇಷನ್ ಲ್ಯಾಬ್. ಉಸಿರಾಡುವ, ಕಣ್ಣು ಮಿಟುಕಿಸುವ, ನಾಡಿ ಬಡಿಯುವ ಬೊಂಬೆರೋಗಿ ಬಂದಿಳಿದ. ಅವನ ಮಂಚ ಸುಮಾರು ಒಂದು ಮೀಟರ್ ಅಗಲ, ಬಾಗಿಲು 90 ಸೆಂ.ಮೀ. ಮಂಚವನ್ನು ಅಡ್ಡ ಮಾಡಿ ನೋಡಿದರು, ಓರೆ ಮಾಡಿ ನೋಡಿದರು, ಕೊನೆಗೆ ಬಿಚ್ಚಿ ಒಳಗೊಯ್ದು ಜೋಡಿಸಿದರು. ಅದು ಮತ್ತೆ ಹೊರಗೆ ಬರುವಂತಿಲ್ಲ. ರೋಗಿಯನ್ನು ಮಂಚ ಸಮೇತ ಐಸಿಯುಗೆ ಸಾಗಿಸುವ ಪಾಠ ಈಗ ಪವರ್‌ಪಾಯಿಂಟ್‌ನಲ್ಲಿ ನಡೆಯುತ್ತದೆ.

ಶವಾಗಾರದಿಂದ ನೇರ ಹೆರಿಗೆ ವಾರ್ಡಿಗೆ ಹೋಗುತ್ತಿದ್ದ ವೈದ್ಯರಿಗೂ ವಿದ್ಯಾರ್ಥಿಗಳಿಗೂ 1847ರಲ್ಲಿ ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ ಕೈ ತೊಳೆಯಲು ಹೇಳಿದರು, ಬಾಣಂತಿಯರ ಸಾವು ಇಳಿಯಿತು. ಇಲ್ಲಿ ಅವರ ಪುತ್ಥಳಿ ಇದೆ. ಬೇಸಿನ್ ಇರುವುದು ಕಾರಿಡಾರಿನ ತುದಿಯ ಶೌಚಾಲಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಸೆನ್ಸರ್ ಇರುವ ನಲ್ಲಿ ಮೂರು ಸೆಕೆಂಡಿಗೇ ಸಾಕೆನ್ನುತ್ತದೆ. ನೀರು ಉಳಿಸಿದರೆ ಸಿಗುವ ಹಸಿರು ಕಟ್ಟಡದ ಅಂಕ ಮುಖ್ಯ ನೋಡಿ. ತೊಳೆದ ಕೈಯಲ್ಲೇ ಬಾಗಿಲಿನ ಹಿಡಿಕೆ ಎಳೆದು ಹೊರಗೆ ಬನ್ನಿ.

ಬೇಸಿನ್ ವಿಷಯ ಎತ್ತಿದ ಪ್ರಾಧ್ಯಾಪಕರಿಗೆ 'ಎರಡನೇ ಹಂತದಲ್ಲಿ ನೋಡೋಣ' ಎಂಬ ಉತ್ತರ ಸಿಕ್ಕಿದೆ. ಎರಡನೇ ಹಂತವೆಂದರೆ ಹೆಲಿಪ್ಯಾಡ್.